ಚಾಲಕನ ಹಿಂದಿನ ಸೀಟು

ಬಸ್ಸಿನ ನೆತ್ತಿಯ ಮೇಲಿನ ಬಣ್ಣದ ಬಲ್ಬುಗಳು ಸ್ಮಶಾನದವರೆಗೆ ಉರಿಯಬೇಕೆ, ಆರಬೇಕೆ ಎಂಬ ಗಂಭೀರ ಪ್ರಶ್ನೆ ಇತ್ಯರ್ಥವಾಗದೆ ಶವಯಾತ್ರೆ ಹೊರಡುವಂತಿರಲಿಲ್ಲ. ಸತ್ತವರ ತಮ್ಮ ಏಣಿ ಹತ್ತಿ ತಂತಿ ಹಿಡಿದು ಜಗ್ಗುತ್ತಿದ್ದ. ಕೆಳಗೆ ನಿಂತವರು, ಏಣಿ ಹಿಡಿಯುವುದೊಂದನ್ನು ಬಿಟ್ಟು, ಮಿಕ್ಕ ಸಹಾಯವನ್ನೆಲ್ಲ ಬಾಯಿಂದಲೇ ಮಾಡುತ್ತಿದ್ದರು.

"ಸ್ವಿಚ್ ಎಲ್ಲಿದೆ ನೋಡಪ್ಪಾ."

"ಸ್ವಿಚ್ಚೇ ಇಲ್ಲ! ಅಣ್ಣ ಇಂಜಿನ್ನಿಗೇ ಕನೆಕ್ಷನ್ ಕೊಟ್ಟುಬಿಟ್ಟಿದಾನೆ. ಗಾಡಿ ಶುರುವಾದ್ರೆ ಇದೂ ಶುರು."

"ಹಾಗಾದ್ರೆ ತಳ್ಕೊಂಡು ಹೋಗೋಣ್ವಾ?" ಎಂದರು ಪಕ್ಕದ ಮನೆಯ ನಿವೃತ್ತ ನರ್ಸು.

ಕೊನೆಗೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದರು. ಇಂಜಿನ್ ಶುರುವಾದದ್ದೇ ತಡ, ಕಂಬಳಿಯೊಳಗಿಂದ ಕೆಂಪು ಹಸಿರು ಬೆಳಕು, ಜ್ವರ ಬಂದವರು ಮುಲುಗುವ ಹಾಗೆ, ಮಿಣುಕತೊಡಗಿತು. ಮುಂದೆ ಶವದ ವ್ಯಾನು, ಹಿಂದೆ ಇದು. ದಾರಿಯಲ್ಲಿ ಒಂದಿಬ್ಬರು ಅಭ್ಯಾಸಬಲದಿಂದ ಕೈಬೀಸಿದರು.

ಕೈಬೀಸಿದ್ದು ತಪ್ಪಲ್ಲ. ವರ್ಷವೆಲ್ಲ ಕಾರ್ಖಾನೆಯ ಕೆಲಸಗಾರರನ್ನು ಸಾಗಿಸುತ್ತಿದ್ದ ಆ ಪುಟ್ಟ ಬಸ್ಸು, ಚಳಿಗಾಲದ ರಜೆ ಬಂತೆಂದರೆ ಬೇರೆಯೇ ಜನ್ಮ ತಾಳುತ್ತಿತ್ತು. ಊರಿನ ಬಡಾವಣೆಗಳವರು ಪೈಪೋಟಿಗೆ ಬಿದ್ದು ಮನೆಗಳಿಗೆ ದೀಪಾಲಂಕಾರ ಮಾಡುತ್ತಿದ್ದರು. ಸಂಜೆ ಸಂಜೆ ಜನರನ್ನು ಕೂರಿಸಿಕೊಂಡು ಅದನ್ನೆಲ್ಲ ತೋರಿಸಿ ತರುವುದು ಅಣ್ಣನ ಕೆಲಸ. ಮೊನ್ನೆ ಮುಂದಿನ ಗಾಜು ಒರೆಸುತ್ತಿದ್ದವರು ಬಟ್ಟೆ ಕೈಯಲ್ಲಿರುವಾಗಲೇ ಕುಸಿದರು.

ಮಣ್ಣು ಮಾಡಿ ಬಂದ ಮೇಲೆ ಮಧ್ಯಾಹ್ನ ಇನ್ನೊಂದು ಪೇಚು. ಅಂದು ದೀಪಗಳ ಕೊನೆಯ ಸಂಜೆ, ಟಿಕೆಟ್ಟೆಲ್ಲ ಮಾರಾಟವಾಗಿತ್ತು. ತಮ್ಮನೇ ಬಸ್ಸು ಓಡಿಸುವುದೆಂದಾಯಿತು. ಅಣ್ಣ ಆಗಲೇ ಮಾರಿದ್ದ ಬಸ್ಸನ್ನು ಕೊಂಡವರು ಮರುದಿನ ಬಂದು ಒಯ್ಯುವವರಿದ್ದರು.

"ನಾನೂ ಬರ್ತೀನಿ," ಎಂದರು ಅತ್ತಿಗೆ.

ಮಗಳು ಅಂಚೆ ಕಚೇರಿಯ ಕೌಂಟರಿನವಳು. ಎದುರಿಗೆ ಜನ ನಿಂತಿರುವಾಗಲೇ ಕಿಟಕಿ ಮುಚ್ಚುವುದರಲ್ಲಿ ಪಳಗಿದವಳು.

"ಅಮ್ಮಾ! ಬೆಳಿಗ್ಗೆ ಗಂಡನ್ನ ಮಣ್ಣು ಮಾಡಿ ಸಂಜೆ ದೀಪ ನೋಡೋಕೆ ಹೋದ್ಲು ಅಂತಾರೆ ಜನ."

"ಅನ್ಲಿ ಬಿಡೇ. ಇಷ್ಟು ವರ್ಷದಲ್ಲಿ ನಾನು ಒಂದ್ಸಲನೂ ನೋಡಿಲ್ಲ."

"ಮುಂದಿನ ವರ್ಷ ಟ್ಯಾಕ್ಸೀಲಿ ಕರ್ಕೊಂಡು ಹೋಗ್ತೀನಿ."

"ಟ್ಯಾಕ್ಸಿ ಯಾರಿಗೆ ಬೇಕು? ಅವರ ಬಸ್ಸಲ್ಲಿ ನೋಡ್ಬೇಕು. ಅದು ನಾಳೆ ಹೋಗುತ್ತೆ."

"ಚಿಕ್ಕಪ್ಪಾ, ನೀವಾದ್ರೂ ಹೇಳಿ."

ಚಿಕ್ಕಪ್ಪ ಇಬ್ಬರಿಗೂ ಹೆದರುವವನು. ಟೈರಿನ ಗಾಳಿ ನೋಡಬೇಕೆಂದು ಎದ್ದು ಹೋದ. ಅತ್ತಿಗೆ ಅಡುಗೆಮನೆಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

*

ಮದುವೆಯಾದ ವರ್ಷ ಅವರು ಸ್ವೆಟರ್ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು.

"ದುಡ್ಡು ಕೊಟ್ಟವರಿಗೇ ಸೀಟಿಲ್ಲ ಕಣೇ. ನಾಳೆ," ಎಂದಿದ್ದರು ಗಂಡ.

ಆ ನಾಳೆ ವರ್ಷಗಟ್ಟಲೆ ಬೆಳೆಯಿತು. ಅತ್ತಿಗೆ ಕೇಳುವುದನ್ನು ಬಿಟ್ಟರು. ಬಸ್ಸು ಹೊರಡುವ ಹೊತ್ತಿಗೆ ಅಡುಗೆಮನೆಯ ದೀಪ ಆರಿಸಿ, ಅದೇ ಕುರ್ಚಿಯಲ್ಲಿ ಕುಳಿತು, ಗಂಡ ವರ್ಣಿಸಿದ್ದ ದಾರಿಯನ್ನು ಮನಸ್ಸಿನಲ್ಲೇ ಹಿಡಿಯುತ್ತಿದ್ದರು. ಈಗ ಔಷಧಿ ಅಂಗಡಿಯವರ ಮನೆ. ಈಗ ಸೇತುವೆ. ಹಾಗೇ ನಿದ್ದೆ ಹತ್ತುತ್ತಿತ್ತು.

ಗಂಡ ಬಂದು ಷೂ ಬಿಚ್ಚುತ್ತ ಕೇಳುತ್ತಿದ್ದರು: "ಚಳಿ ಆಯ್ತಾ?"

"ಒಲೆ ಪಕ್ಕ ಕೂತವಳಿಗೆ ಎಂಥ ಚಳಿ? ಗೇಲಿ ಮಾಡ್ಬೇಡಿ."

ಅವರು ಸ್ವಲ್ಪ ಹೊತ್ತು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಎರಡನೆಯ ಚಳಿಗಾಲದಿಂದ ಗಂಡ ಚಾಲಕನ ಹಿಂದಿನ ಸೀಟನ್ನು ಯಾರಿಗೂ ಕೊಡಲಿಲ್ಲ. ಸ್ಪ್ರಿಂಗ್ ಮುರಿದಿದೆ ಎನ್ನುತ್ತಿದ್ದರು. ತಮ್ಮ ಒಮ್ಮೆ ಗ್ಯಾರೇಜಿನಲ್ಲಿ ಅದರ ಮೇಲೆ ಕುಳಿತು ನೋಡಿದ್ದ. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ.

*

ಸಂಜೆ ಕಂಬಳಿ ತೆಗೆದು ಬಸ್ಸು ಹೊರಟಿತು. ಚಾಲಕನ ಹಿಂದಿನ ಸೀಟಿಗೆ ಕೈ ಹಾಕಿದ ಒಬ್ಬರಿಗೆ ತಮ್ಮನೂ ಬಾಯಿಪಾಠದಂತೆ "ಸ್ಪ್ರಿಂಗ್ ಮುರಿದಿದೆ" ಎಂದ.

ಔಷಧಿ ಅಂಗಡಿಯವರ ಮನೆಯ ಮಾಳಿಗೆಯಿಂದ ನೀಲಿ ಬೆಳಕಿನ ಜಲಪಾತ ಸದ್ದಿಲ್ಲದೆ ಸುರಿಯುತ್ತಿತ್ತು. ಮನೆಯಾಕೆ ಎರಡು ಲೋಟ ಚಹಾ ಹಿಡಿದು ಬಂದರು.

"ಸುದ್ದಿ ಕೇಳಿ ತುಂಬಾ ಬೇಜಾರಾಯ್ತು. ತಗೊಳ್ಳಿ, ಇದು ನಿಮಗೆ. ಇದು ಅಮ್ಮಂಗೆ."

"ಯಾವ ಅಮ್ಮ?"

"ನಿಮ್ಮ ಹಿಂದೆ ಕೂತಿದಾರಲ್ಲ. ನಿಮ್ಮ ಅತ್ತಿಗೆ ಅಲ್ವಾ?" ಆಕೆ ದನಿ ತಗ್ಗಿಸಿದರು. "ಪ್ರತಿ ವರ್ಷ ಬರೋರು. ಇವತ್ತೂ ತಪ್ಪಿಸಿಲ್ಲ, ಪಾಪ."

ತಮ್ಮ ತಿರುಗಿ ನೋಡಿದ. ಸೀಟು ಖಾಲಿ. ಕನ್ನಡಿಯಲ್ಲಿ ನೋಡಿದ. ಅಲ್ಲೂ ಖಾಲಿ. ತುಂಬಿದ ಲೋಟ ಹಿಂದಿರುಗಿಸಿದರೆ ಕಾರಣ ಹೇಳಬೇಕಾಗುತ್ತದೆಂದು ಎರಡೂ ಚಹಾ ತಾನೇ ಕುಡಿದ. ನಾಲಗೆ ಸುಟ್ಟಿತು.

ಸೇತುವೆಯ ಕಾವಲುಗಾರ ಚಾಲಕನನ್ನು ಬಿಟ್ಟು ಅವನ ಹಿಂದಿನ ಕಿಟಕಿಗೆ ಸಲಾಮು ಹೊಡೆದ. ತಮ್ಮ ಕೈಚಾಚಿ ಕನ್ನಡಿಯನ್ನು ಸೂರಿನ ಕಡೆ ತಿರುಗಿಸಿಬಿಟ್ಟ. ಕತ್ತಿನ ಹಿಂಭಾಗಕ್ಕೆ ಯಾರದೋ ಉಸಿರು ತಾಗಿದಂತಿತ್ತು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ.

ಕೊನೆಯದು ಮುದಿ ದರ್ಜಿಯೊಬ್ಬರ ಮನೆ. ಅಂಗಳದಲ್ಲಿ ತಂತಿ ಬಗ್ಗಿಸಿ ಮಾಡಿದ ಬೆಳಕಿನ ಜಿಂಕೆಗಳು ಸಾಲಾಗಿ ಓಡುತ್ತಿದ್ದವು. ಜನ ಇಳಿದು ಫೋಟೋ ತೆಗೆಯುತ್ತಿರುವಾಗ ದರ್ಜಿ ನೇರ ಆ ಕಿಟಕಿಯ ಬಳಿ ಬಂದರು. ಟೋಪಿ ತೆಗೆದು ಗಾಜಿಗೆ ಮೆಲ್ಲಗೆ ಏನೋ ಹೇಳಿದರು. ಅಂಗಳದತ್ತ ತಿರುಗಿ ನೋಡಿ ತಲೆಯಾಡಿಸಿದರು.

ತಮ್ಮನಿಗೆ ತಡೆಯಲಾಗಲಿಲ್ಲ. "ಏನಂದ್ರು?"

"ಅವರು ಯಾವತ್ತು ಮಾತಾಡಿದಾರೆ? ನಗ್ತಾರೆ, ಅಷ್ಟೆ. ಇವತ್ತು ಬೆರಳು ಮಾಡಿ ತೋರಿಸಿದ್ರು. ಆ ಕೊನೇ ಜಿಂಕೆ ಹಿಂಗಾಲು ಉರೀತಾನೇ ಇಲ್ಲ, ನೋಡಿ. ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನೀವು ಹೊರಡಿ, ನಾನು ಟೆಸ್ಟರ್ ತರ್ತೀನಿ."

"ನಗ್ತಿದ್ರಾ ಅವರು? ಅಣ್ಣ ಇದ್ದಾಗ?"

"ಇಡೀ ಬಸ್ಸಲ್ಲಿ ಅವರಷ್ಟು ಸಂತೋಷವಾಗಿ ದೀಪ ನೋಡಿದವರು ಇನ್ನೊಬ್ಬರಿಲ್ಲ," ಎಂದು ದರ್ಜಿ ಟೋಪಿ ಹಾಕಿಕೊಂಡರು.

ಜನರನ್ನೆಲ್ಲ ಇಳಿಸಿ, ಹಿಂದೆ ತಿರುಗದೆ, ತಮ್ಮ ಮನೆ ಸೇರಿದ. ಬಾಗಿಲು ತೆಗೆದದ್ದು ನರ್ಸು.

"ಅತ್ತಿಗೆ?"

"ನೀನು ಹೋದಾಗ್ನಿಂದ ಅದೇ ಕುರ್ಚೀಲಿ ನಿದ್ದೆ. ನಾನು ಪಕ್ಕದಲ್ಲೇ ಇದ್ದೆ. ಒಂದು ಸಲ ಕೈ ಎತ್ತಿ ಬೆರಳು ಮಾಡಿದ್ಲು, ಕನಸೇನೋ. ಎಬ್ಬಿಸ್ಲಿಲ್ಲ."

ಅಡುಗೆಮನೆ ಕತ್ತಲಾಗಿತ್ತು. ಮಗಳು ದೀಪ ಹಾಕಿದಳು. ಅತ್ತಿಗೆ ಕಣ್ಣು ಕಿರಿದು ಮಾಡಿಕೊಂಡು ಮೈದುನನನ್ನು ನೋಡಿದರು.

"ಆ ಜಿಂಕೆ ಕಾಲು ಸರಿ ಮಾಡಿದ್ರಾ ಅವರು?"

"ಮಾಡ್ತೀನಿ ಅಂದ್ರು ಅತ್ತಿಗೆ."

"ಯಾವ ಜಿಂಕೆ?" ಎಂದಳು ಮಗಳು.

ಮರುದಿನ ಬೆಳಿಗ್ಗೆ ಬಸ್ಸು ಕೊಂಡವರು ಬಂದು ತೆಗೆದುಕೊಂಡು ಹೋದರು. ಅತ್ತಿಗೆ ನೋಡಲು ಬಾಗಿಲಿಗೂ ಬರಲಿಲ್ಲ.