ಚಕ್ರ ಬಿಚ್ಚಿಕೊಟ್ಟವನು

ನನ್ನ ತಂಗಿ ಕೊಂಡಮ್ಮನ ಮಗ ಮುನೇಶ ಒಂಬತ್ತು ವರ್ಷ ಸಂಬಳಕ್ಕೆ ರೇಸ್ ಸೈಕಲ್ ತುಳಿದ. ಒಂದು ರೇಸನ್ನೂ ಗೆಲ್ಲಲಿಲ್ಲ. ಗೆಲ್ಲುವುದು ಅವನ ಕೆಲಸವೇ ಅಲ್ಲವಂತೆ. ತಂಡದ ನಾಯಕ ಅಚ್ಯುತನ ಮುಂದೆ ಹೋಗಿ ಎದುರುಗಾಳಿ ತಡೆಯಬೇಕು, ಹಿಂದೆ ಬರುವ ತಂಡದ ಕಾರಿನಿಂದ ಅವನಿಗೆ ನೀರಿನ ಬಾಟಲಿ ತಂದುಕೊಡಬೇಕು, ಅವನ ಟೈರು ಪಂಚರ್ ಆದರೆ ತನ್ನ ಚಕ್ರ ಬಿಚ್ಚಿಕೊಡಬೇಕು. ಮದುವೆ ಮನೆಯಲ್ಲಿ ನೀರು ಬಡಿಸುವವನಾದರೂ ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಇವನಿಗೆ ಅದೂ ಇಲ್ಲ.

ನಾನು ಮೂವತ್ತು ವರ್ಷ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸೈಕಲ್ ಮೇಲೆ ರೇಷ್ಮೆಗೂಡಿನ ಮೂಟೆ ಸಾಗಿಸಿದವನು. ದಾರಿಯಲ್ಲಿ ಯಾರಿಗಾಗಿಯೂ ನಿಂತವನಲ್ಲ. ಮುನೇಶನಿಗೆ ಏರು ಹತ್ತುವುದನ್ನು ಕಲಿಸಿದ್ದು ನಾನೇ. ನಿಲ್ಲುವುದನ್ನು ಯಾರು ಕಲಿಸಿದರೋ.

ಈ ವರ್ಷ ರೇಸು ಮುಗಿಯುವುದು ನಂದಿ ಬೆಟ್ಟದ ಮೇಲೆ ಎಂದಾಯಿತು. ಮುನೇಶನಿಗೆ ಮೂವತ್ತಮೂರು, ಇನ್ನು ಅವನನ್ನು ಇಟ್ಟುಕೊಳ್ಳುವುದು ಅನುಮಾನ.

"ನಮ್ಮ ಬೆಟ್ಟದಲ್ಲಿ ಒಂದ್ಸಲ ಗೆದ್ದುಬಿಡ್ಲಿ ಅಣ್ಣ, ಸಾಕು," ಎಂದಳು ಕೊಂಡಮ್ಮ.

ತುದಿಗೆ ಇನ್ನೊಂದು ಮೈಲಿ ಇರುವ ತಿರುವಿನಲ್ಲಿ ಇಬ್ಬರೂ ನಿಂತೆವು. ಮೊದಲು ಬಂದವನು ಮುನೇಶನೇ. ಹಿಂದೆ ಯಾರೂ ಕಾಣಲಿಲ್ಲ. ಕೊಂಡಮ್ಮ ನನ್ನ ತೋಳು ಹಿಡಿದುಕೊಂಡಳು. ಅವನು ಕಿವಿಯಲ್ಲಿದ್ದ ಇಯರ್‌ಫೋನ್ ಒತ್ತಿಕೊಂಡು ನಮ್ಮೆದುರಿಗೇ ಬಂದು ಕಾಲು ಕೆಳಗಿಟ್ಟ.

"ಯಾಕೋ ನಿಂತೆ?" ಎಂದೆ.

"ಕಾರಿನೋರು ಕಿವೀಲಿ ಹೇಳ್ತಾವ್ರೆ ಮಾವ. ಅಚ್ಯುತ್ ಸರ್ ಟೈರಲ್ಲಿ ಗಾಳಿ ಇಳೀತಿದ್ಯಂತೆ. ಕಾರು ಜನದ ಮಧ್ಯೆ ಸಿಕ್ಕಾಕೊಂಡೈತೆ. ನನ್ನ ಚಕ್ರ ಕೊಡ್ಬೇಕು."

"ಆ ಕಿವೀದನ್ನ ಕಿತ್ತು ಮೋರಿಗಾಕು. ತುಳಿ ಮೊದ್ಲು."

"ಹಂಗ್ ಮಾಡಿದ್ರೆ ಮುಂದಿನ ವರ್ಷ ಕರೆಯಲ್ಲ ಮಾವ."

"ಕರೆದು ಏನ್ ಮಾಡಿಸ್ತಾರೆ? ಇದನ್ನೇ ತಾನೆ?"

ಅವನು ಬಗ್ಗಿ ಹಿಂದಿನ ಚಕ್ರ ಬಿಚ್ಚತೊಡಗಿದ. ಪಕ್ಕದಲ್ಲಿದ್ದ ಬೆಂಗಳೂರಿನವನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತ, "ಎಂಥ ತ್ಯಾಗ ಅಲ್ವಾ ಅಂಕಲ್," ಎಂದ.

"ನಿನ್ನ ಮಗನ ಕೈಲಿ ಮಾಡಿಸಪ್ಪ," ಎಂದೆ.

ಬೇರೆ ತಂಡದವರಿಬ್ಬರು ನಮ್ಮನ್ನು ದಾಟಿಹೋದರು. ಆಮೇಲೆ ಅಚ್ಯುತ ಬಂದ. ಅವನ ಸೈಕಲ್ಲಿಗೆ ಚಕ್ರ ತೊಡಿಸಿದ್ದೂ ಮುನೇಶನೇ. ಆ ಮಹಾರಾಯ ಇವನ ಮುಖ ಕೂಡ ನೋಡದೆ ಹೋದ. ಹೋಗಿ ಗೆದ್ದನೇ? ಏಳನೆಯವನಾದನಂತೆ.

ಮುನೇಶ ಗಾಳಿ ಹೋದ ಚಕ್ರವನ್ನು ತನ್ನ ಸೈಕಲ್ಲಿಗೆ ಹಾಕಿಕೊಂಡ. ಅಷ್ಟರಲ್ಲಿ ಉಳಿದವರೆಲ್ಲರೂ ನಮ್ಮನ್ನು ದಾಟಿ ಮೇಲೆ ಹೋಗಿಯಾಗಿತ್ತು.

"ಈಗ ನೀನು ಎಷ್ಟನೇವನಪ್ಪ?" ಕೊಂಡಮ್ಮ ಕೇಳಿದಳು.

"ಕೊನೇವನಮ್ಮ. ಗೆರೆ ದಾಟಿದ್ರೆ ಪಟ್ಟೀಲಿ ಹೆಸರಾದ್ರೂ ಇರ್ತದೆ," ಎಂದು ಸೈಕಲ್ ತಳ್ಳಿಕೊಂಡು ಹೊರಟ. ಲಾಳ ಹೊಡೆದ ಎತ್ತಿನ ಕಾಲಿನಂತೆ ಅವನ ಬೂಟು ಡಾಂಬರಿನ ಮೇಲೆ ಟಕಟಕ ಎನ್ನುತ್ತಿತ್ತು.

"ಬಾರಣ್ಣ, ಜೊತೇಲಿ ಹೋಗಣ," ಎಂದಳು.

"ನೀನೇ ಹೋಗು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಡಿಹೋಗಿ ಸೀಟಿನ ಹಿಂದೆ ಕೈಕೊಟ್ಟು ತಳ್ಳತೊಡಗಿದಳು. ಮುಪ್ಪಿನ ತಾಯಿ ತಳ್ಳುತ್ತಿದ್ದರೂ ಅವನು ಬೇಡವೆನ್ನಲಿಲ್ಲ. ಮುಂದಿನ ತಿರುವು ಅವರನ್ನು ಮರೆಮಾಡುವ ತನಕ ನೋಡಿದೆ. ಆಮೇಲೆ ಒಬ್ಬನೇ ಬೆಟ್ಟ ಇಳಿದೆ.