ಗುಡುಗಣ್ಣನ ತಾಳ

ಸೌಂಡಿನವನು ನೆಂಟರ ಎರಡು ಕುರ್ಚಿಗಳನ್ನು ಕಾಲಿನಿಂದಲೇ ಒತ್ತರಿಸಿ ಶವಪೆಟ್ಟಿಗೆಯ ಪಕ್ಕ ಸ್ಪೀಕರ್ ನಿಲ್ಲಿಸಿದ. ಒಳಗೆ ಮಲಗಿದ್ದವನು ನಲವತ್ತೊಂದು ವರ್ಷ ಒಂದೇ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವನು, ಊರಿಗೆಲ್ಲ ಗುಡುಗಣ್ಣ. ಬ್ಯಾಂಡಿನ ಉಳಿದ ಮೂವರು ಹೊಸದಾಗಿ ಬಣ್ಣ ಹಚ್ಚಿದ ತಲೆ ಹೊತ್ತು ಮೊಬೈಲುಗಳಿಗೆ ಮುಖ ಕೊಟ್ಟು ನಿಂತಿದ್ದರು. ಅಳುವಾಗಲೂ ಬೆಳಕು ಯಾವ ಕಡೆಯಿದೆ ಎಂದು ನೋಡಿಕೊಳ್ಳುವ ಜನ.

"ಶನಿವಾರದ ಕಾರ್ಯಕ್ರಮ ನಿಲ್ಲಿಸ್ತೀರಲ್ವಾ?" ಗುಡುಗಣ್ಣನ ಹೆಂಡತಿ ಬ್ಯಾಂಡಿನ ಗಾಯಕನನ್ನು ಕೇಳಿದಳು. ಬೆಳಗಿನಿಂದ ಅವಳಿಗೆ ಬೇಕಾಗಿದ್ದುದು ಅದೊಂದೇ. ಅವನಿಲ್ಲದೆ ನಮ್ಮ ಕೈಲಾಗಲ್ಲ ಅಂತ ಇವರ ಬಾಯಿಂದ ಒಂದು ಮಾತು.

"ಟಿಕೆಟ್ ಎಲ್ಲಾ ಹೋಗ್ಬಿಟ್ಟಿದೆ ಅತ್ತಿಗೆ."

"ಬಾರಿಸೋರು ಯಾರು?"

ವೈರು ಬಿಡಿಸುತ್ತಿದ್ದ ಸೌಂಡಿನವನು, ಪಾಪ, ಸಮಾಧಾನ ಹೇಳಲು ಹೋಗಿ ಬಾಯಿಬಿಟ್ಟ. "ಅದಕ್ಕೇನೂ ತೊಂದರೆ ಇಲ್ಲ ಅಕ್ಕ. ಆರು ವರ್ಷದಿಂದ ಡ್ರಮ್ಸ್ ಕಂಪ್ಯೂಟರಿಂದಾನೇ ಬರ್ತಿರೋದು. ಅಣ್ಣನ ಡ್ರಮ್ಸಿನ ಮೈಕ್ ಆಫ್ ಇರ್ತಿತ್ತು. ಅವರ ಹೆಡ್‌ಫೋನಿಗೆ ಮಾತ್ರ ಅವರದ್ದು ಕೇಳೋ ಹಾಗೆ ಇಟ್ಟಿದ್ವಿ."

*

ಆ ಆರು ವರ್ಷವೂ ಅವಳು ಅವನ ಊದಿದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಸಿ, ಪಟ್ಟಿ ಸುತ್ತಿ ಕಳಿಸಿದ್ದಳು. ಹೋದ ತಿಂಗಳ ಕಾರ್ಯಕ್ರಮ ಮುಗಿಸಿ ಬಂದವನು ತಟ್ಟೆಯ ಮುಂದೆ ಕೂತು ಅತ್ತಿದ್ದ.

"ಮೂರನೇ ಹಾಡಲ್ಲಿ ತಾಳ ತಪ್ಪಿದೆ ಕಣೇ. ನಮ್ಮ ಹಾಡುಗಾರನ ಹತ್ರ ಕ್ಷಮೆ ಕೇಳ್ದೆ. ಕಾಲು ಹಿಡಿಯೋದೊಂದು ಬಾಕಿ."

"ಏನಂದ್ರು?"

"ಯಾರಿಗೂ ಗೊತ್ತಾಗ್ಲಿಲ್ಲ ಬಿಡು ಅಂದ. ದೇವರಂಥ ಮನುಷ್ಯ."

ಮರುದಿನದಿಂದ ಬೆಳಿಗ್ಗೆ ಎರಡು ಗಂಟೆ ಹೆಚ್ಚಿಗೆ ಅಭ್ಯಾಸಕ್ಕೆ ಕೂತ. ಬೇಡ ಎಂದರೆ ಕೇಳಲಿಲ್ಲ. ಮೂರನೇ ವಾರ ಡ್ರಮ್ಸಿನ ಮೇಲೇ ಎದೆ ಹಿಡಿದುಕೊಂಡು ಕುಸಿದ.

*

"ಕಂಪ್ಯೂಟರಲ್ಲಿರೋದು ಅವರು ಹಿಂದೆ ಬಾರಿಸಿದ್ದೇ ತಾನೇ?" ಅವಳ ದನಿ ಸಣ್ಣದಾಗಿತ್ತು.

ಸೌಂಡಿನವನು ಗಾಯಕನ ಮುಖ ನೋಡಿದ. "ಇಲ್ಲ ಅಕ್ಕ. ಬೇರೆಯವರ ಕೈಲಿ ಮಾಡ್ಸಿದ್ದು. ಈಗಿನವರಿಗೆ ಹಿಡಿಸೋ ಹಾಗೆ. ಒಂದೇ ಮಧ್ಯಾಹ್ನದಲ್ಲಿ ಮುಗಿದೋಯ್ತು."

"ಬ್ಯಾಂಡ್ ಉಳೀಬೇಕಿತ್ತಲ್ಲ ಅತ್ತಿಗೆ. ಅವನ ಮನಸ್ಸು ನೋಯಿಸಬಾರದು ಅಂತ ಹೇಳಲಿಲ್ಲ."

ಮನಸ್ಸು ನೋಯಿಸಲಿಲ್ಲ, ಸರಿ. ಎದೆ ಒಡೆಯಲು ಬಿಟ್ಟರು.

ಜನ ತುಂಬಿದರು. ಗಾಯಕ ಮೈಕು ಹಿಡಿದ. ಸ್ಪೀಕರಿನಿಂದ ಆ ಕಂಪ್ಯೂಟರಿನ ಡ್ರಮ್ಸ್ ಬಂದದ್ದೇ ತಡ, ಹಿಂದಿನ ಸಾಲಿನವರೂ ಬಿಕ್ಕಿದರು. ಮಂಡಿ ನೋವಿನ ಹಳೆಯ ಅಭಿಮಾನಿಯೊಬ್ಬ ಕುಂಟುತ್ತ ಬಂದು ಅವಳ ಪಕ್ಕ ಕೂತ.

"ಕೇಳಿ ಅಮ್ಮಾ. ವಯಸ್ಸಾದಷ್ಟೂ ಹದವಾಗ್ತಾ ಬಂತು ನೋಡಿ. ಇಂಥ ಕೈ ಇನ್ನು ಹುಟ್ಟಲ್ಲ."

ಎಲ್ಲಿ ಹೇಳಿಬಿಡುತ್ತಾಳೋ ಎಂದು ಗಾಯಕ ಹಾಡುತ್ತಲೇ ಅವಳತ್ತ ನೋಡಿದ. ಸಾಲು ತಪ್ಪಿದ.

"ಹೌದು, ಹುಟ್ಟಲ್ಲ," ಎಂದಳು ಅವಳು. ಎದ್ದು ಸೌಂಡಿನವನ ಬಳಿ ಹೋದಳು.

"ಇನ್ನೂ ಜೋರು ಮಾಡಪ್ಪ. ಹಿಂದಿನವರಿಗೆ ಸರಿಯಾಗಿ ಕೇಳಿಸ್ತಿಲ್ಲ."

ಅವನು ತಿರುಗಿಸಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಜನ ಇಟ್ಟುಹೋದ ಬಿಡಿಹೂಗಳು ಒಂದೊಂದು ಹೊಡೆತಕ್ಕೂ ನಡುಗಿ, ಅಂಚಿಗೆ ಸರಿದು, ನೆಲಕ್ಕೆ ಉದುರತೊಡಗಿದವು.