ಬಂಡೆಗೆ ಸವರಿದ ಬೆಲ್ಲ

ಸೀತಾಫಲ ಬಿರಿಯುವ ಕಾಲಕ್ಕೆ ಗುಡೇಕೋಟೆ ಸುತ್ತಿನ ಗುಡ್ಡಗಳಿಂದ ಕರಡಿ ಇಳಿಯುವುದು ಹೊಸದೇನಲ್ಲ. ಅದಕ್ಕೆಂದೇ ಅಲ್ಲಿಯ ಜನ ಮುಂಜಾನೆ ಹೊಲಕ್ಕೆ ಒಬ್ಬೊಬ್ಬರೇ ಹೋಗುವುದಿಲ್ಲ. ಮೂರು ನಾಲ್ಕು ಮಂದಿ ಕೂಡಿ, ಗಟ್ಟಿಯಾಗಿ ಮಾತಾಡುತ್ತ, ಕೋಲು ಬಡಿಯುತ್ತ ನಡೆಯುತ್ತಾರೆ. ಸದ್ದು ಕೇಳಿದ ಕರಡಿ ತನ್ನ ಪಾಡಿಗೆ ದಾರಿ ಬಿಡುತ್ತದೆ. ಹಿರಿಯರ ಕಾಲದಿಂದ ಹೀಗೇ ನಡೆದುಬಂದಿದೆ.

ಓಬಳೇಶನಿಗೆ ಇದು ತಿಳಿಯದ್ದಲ್ಲ. ಅವನು ಕೂಡ್ಲಿಗಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಮಾಲೀಕರು ಬಳಸಿ ಬಿಟ್ಟ ಸಣ್ಣ ಕ್ಯಾಮೆರಾ ಅವನ ಕೈಗೆ ಬಂದಿತ್ತು. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಕರಡಿಯ ಚಿತ್ರ ತೆಗೆಯಬೇಕೆಂಬುದು ಅವನ ಹಂಬಲ. ಆದರೆ ಆ ಕ್ಯಾಮೆರಾದಲ್ಲಿ ದೂರದ ಕರಡಿ ಕರಿ ಚುಕ್ಕೆಯಂತೆ ಬೀಳುತ್ತಿತ್ತು. ದೊಡ್ಡ ಲೆನ್ಸ್ ಕೊಳ್ಳುವ ಶಕ್ತಿ ಇರಲಿಲ್ಲ. ಕರಡಿಯ ಗವಿಯ ಹತ್ತಿರ ಹೋಗಲು ಧೈರ್ಯ ಸಾಲದು, ಕರಡಿಯನ್ನೇ ಹತ್ತಿರ ಕರೆದರಾಯಿತು ಎಂದುಕೊಂಡ. ಎಲ್ಲೋ ಕರಡಿಧಾಮದಲ್ಲಿ ಬಂಡೆಗೆ ಸಿಹಿ ಸವರುತ್ತಾರೆಂದು ಕೇಳಿದ್ದ. ಹೊಲದ ದಾರಿಯ ಪಕ್ಕದ ಹಾಸುಬಂಡೆಗೆ ದಿನವೂ ಬೆಲ್ಲದ ಪಾಕ ಸವರಿ ಬಂದ. ನಾಲ್ಕನೆಯ ಮುಂಜಾನೆ ಹತ್ತು ಹೆಜ್ಜೆ ಆಚೆ ಪೊದೆಯ ಹಿಂದೆ ಕೂತು ಚಿತ್ರ ತೆಗೆದೇಬಿಟ್ಟ.

ಊರಿನ ಮೊಬೈಲುಗಳಲ್ಲೆಲ್ಲ ಆ ಚಿತ್ರ ಓಡಾಡಿತು. ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದ ಚಿಗವ್ವ, ಅಂದರೆ ಚಿಕ್ಕಮ್ಮ, ನಾಗಲಿಂಗಮ್ಮ ಮಾತ್ರ ಚಿತ್ರಕ್ಕೆ ಕೈಮುಗಿದು, "ಜಾಂಬವಂತನ ಕುಲ ಲೇ ಅದು. ದೂರ ನಿಂತು ಕೈ ಮುಗೀಬೇಕು. ನೀ ಇಷ್ಟು ಸನೇಕ ಹೆಂಗ ಹೋದಿ?" ಎಂದಳು. ಎಲ್ಲ ಕ್ಯಾಮೆರಾದ ಕರಾಮತ್ತು ಎಂದು ಅವನು ನಕ್ಕುಬಿಟ್ಟ.

ಮರುದಿನದಿಂದ ಓಬಳೇಶ ಬೆಲ್ಲ ಸವರುವುದನ್ನು ನಿಲ್ಲಿಸಿದ. ಕರಡಿ ಬರುವುದನ್ನು ನಿಲ್ಲಿಸಲಿಲ್ಲ.

ಮೂರು ದಿನ ಕಳೆಯಿತು. ಶೇಂಗಾ ಕೀಳಲು ಹೊರಟ ನಾಗಲಿಂಗಮ್ಮ ಮತ್ತಿಬ್ಬರು ಹೆಂಗಸರೊಡನೆ, ಎಂದಿನಂತೆ ಕೋಲು ಬಡಿಯುತ್ತ ಬಂಡೆಯ ತಿರುವಿಗೆ ಬಂದಳು. ಸದ್ದಿಗೆ ಸರಿಯಬೇಕಾದ ಪ್ರಾಣಿ ಸರಿಯಲಿಲ್ಲ. ಮರಿಗಳನ್ನು ಕಟ್ಟಿಕೊಂಡು ಬಂಡೆ ನೆಕ್ಕುತ್ತ ನಿಂತಿತ್ತು. ಜೊತೆಯವರು ಓಡಿದರು. ಮೊಣಕಾಲು ಬೇನೆಯ ನಾಗಲಿಂಗಮ್ಮನಿಗೆ ಆಗಲಿಲ್ಲ. ಕರಡಿ ಅವಳ ಮೇಲೆ ಎರಗಿತು. ಎರಡು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದಿದ್ದು, ಮೂರನೆಯ ದಿನ ಶಿವನ ಪಾದ ಸೇರಿದಳು.

ಮಣ್ಣು ಮಾಡಿ ಬಂದ ಸಂಜೆ ಅವಳ ಮಗ ಗಾದಿಲಿಂಗ ಡೀಸೆಲ್ ಕ್ಯಾನು ತಂದು ಅಂಗಳದಲ್ಲಿಟ್ಟ. ಬೆಳಗಾದರೆ ಕರಡಿಯ ಗವಿಗೆ ಬೆಂಕಿ ಹಾಕುವುದೆಂದು ಹತ್ತು ಮಂದಿ ಮಾತಾಡಿಕೊಂಡರು. ಸುದ್ದಿ ತಿಳಿದು ಅರಣ್ಯ ಇಲಾಖೆಯ ಗಾರ್ಡ್ ಸಂಗೀತಾ ಬಂದರು. ಗಾದಿಲಿಂಗ ಅವರಿಗೆ ಕೂತುಕೊಳ್ಳಿ ಎನ್ನಲಿಲ್ಲ.

"ನಿಮಗ ಕರಡಿ ದೊಡ್ಡದು. ನನಗ ನಮ್ಮವ್ವ ದೊಡ್ಡಾಕಿ. ಹೋಗ್ರಿ ಮೇಡಂ" ಎಂದ.

ಸಂಗೀತಾ ಹೋಗಲಿಲ್ಲ. ಕರಡಿಗೆ ಕಣ್ಣು ಮಂದ, ಮೂಗು ಚುರುಕು ಎಂದರು. ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿ ಅದಲ್ಲ. ಥಟ್ಟನೆ ಎದುರಾದರೆ, ಅದರಲ್ಲೂ ಮರಿ ಜೊತೆಗಿದ್ದರೆ, ಹೆದರಿ ಮೈಮೇಲೆ ಬೀಳುತ್ತದೆ. ತಿನಿಸು ಸಿಕ್ಕ ಜಾಗಕ್ಕೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ರುಚಿ ಹತ್ತಿದ ಮೇಲೆ ನಮ್ಮ ಸದ್ದಿಗೂ ಅಂಜುವುದಿಲ್ಲ. ಗವಿಗೆ ಬೆಂಕಿ ಹಾಕಲು ಹೋದರೆ ಇನ್ನೊಂದು ಮನೆಯ ದೀಪವೂ ಆರೀತು ಎಂದರು. ಆಮೇಲೆ ದನಿ ತಗ್ಗಿಸಿದರು.

"ಅಣ್ಣಾ, ಆ ಹಾಸುಗಲ್ಲಿನ ತುಂಬ ಇರುವಿ ಮುತ್ಯಾವ. ಬೆಲ್ಲದ ಅಂಟು ಇನ್ನಾ ಐತಿ. ಅದು ತಾನಾಗಿ ಬಂದಿಲ್ಲ, ಯಾರೋ ಕರದಾರ."

ಓಬಳೇಶ ಕಂಬಕ್ಕೆ ಒರಗಿ ಕೂತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕರಡಿ ಸುಟ್ಟುಹೋಗುತ್ತಿತ್ತು, ಅದರ ಜೊತೆಗೆ ಅವನ ತಪ್ಪೂ. ದೇವರ ಜಗಲಿಯ ಮೇಲೆ ಚಿಗವ್ವನ ವಿಭೂತಿ ಗಟ್ಟಿ ಹಾಗೇ ಇತ್ತು. ಅವಳ ಬೆರಳು ಸವೆಸಿದ ಗುಳಿ ಅದರಲ್ಲಿ ಕಾಣುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಕರದಾವ ನಾನು ಅಣ್ಣಾ. ಫೋಟೋ ಸಲುವಾಗಿ ನಾನೇ ಬೆಲ್ಲ ಸವರೀನಿ."

ಗಾದಿಲಿಂಗ ಅವನತ್ತ ತಿರುಗಿ ಕೇಳಿದ: "ಬೆಲ್ಲ ಎಲ್ಲೀದು?"

"ಈ ಮನೀದು. ಚಿಗವ್ವನ ಕೈಲೇ ಇಸಗೊಂಡಿದ್ದೆ. ಯಾಕಂತ ಆಕಿ ಕೇಳಲಿಲ್ಲ."

ಗಾದಿಲಿಂಗ ಕೈ ಎತ್ತಿದ. ಎತ್ತಿದ ಕೈ ತಾನಾಗಿ ಇಳಿಯಿತು. ತಾಯಿ ತೀರಿದಂದಿನಿಂದ ಅಳದವನು ಅಲ್ಲೇ ಕುಸಿದು ಅತ್ತ. ಅತ್ತು ಮುಗಿದ ಮೇಲೆ ಕ್ಯಾನನ್ನು ಒಳಗಿಡಲು ಹೇಳಿದ.

ಮರುದಿನ ಬಿಸಿಲೇರಿದ ಮೇಲೆ ಊರವರು ಗಾರ್ಡ್ ಜೊತೆ ಹೋಗಿ ಆ ಬಂಡೆಯನ್ನು ತೊಳೆದರು. ಗಾದಿಲಿಂಗ ನೀರು ಹೊತ್ತ, ಓಬಳೇಶ ಉಜ್ಜಿದ. ಈಗಲೂ ಅವರ ನಡುವೆ ಮಾತು ಕಡಿಮೆ. ಕ್ಯಾಮೆರಾ ಕೆರೆಗೆ ಎಸೆಯುತ್ತೇನೆಂದ ಓಬಳೇಶನಿಗೆ ಸಂಗೀತಾ, "ಎಸೀಬ್ಯಾಡ. ದೂರ ನಿಂತು ತಗಿ. ಕರಡಿ ಸಣ್ಣದು ಬರಲಿ, ಗುಡ್ಡ ದೊಡ್ಡದು ಬರಲಿ. ಅದರ ಬಾಳು ಇರೋದೇ ಹಂಗ" ಎಂದರು.

ಇದನ್ನು ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕ್ಯಾಮೆರಾ ಸಣ್ಣದೆಂದು ದೂರವನ್ನು ಸಣ್ಣದು ಮಾಡಬೇಡಿ. ಚಿತ್ರಕ್ಕಾಗಿ ಕಾಡುಪ್ರಾಣಿಗೆ ತಿನಿಸು ಇಡಬೇಡಿ. ಮರಿಗಳಿರುವ ಕಡೆ ಸುಳಿಯಬೇಡಿ, ಹಕ್ಕಿಗೂಡಿಗೆ ಮರೆಯಾದ ಎಲೆ ಕೊಂಬೆ ಕೀಳಬೇಡಿ. ಅಪ್ಪಣೆ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಯಾರಾದರೂ ತಿನಿಸು ಇಟ್ಟದ್ದು ಗೊತ್ತಿದ್ದರೆ, ಇಟ್ಟವರು ನೀವೇ ಆಗಿದ್ದರೂ, ನಾಚದೆ ಇಂದೇ ಅರಣ್ಯ ಇಲಾಖೆಗೂ ಊರಿಗೂ ತಿಳಿಸಿ. ಕರಡಿ ಎರಗುವ ಒಂದು ದಿನ ಮೊದಲಾದರೂ ಓಬಳೇಶ ಬಾಯಿ ಬಿಟ್ಟಿದ್ದರೆ ನಾಗಲಿಂಗಮ್ಮ ಬೇರೆ ದಾರಿಯಿಂದ ಹೊಲಕ್ಕೆ ಹೋಗುತ್ತಿದ್ದಳು.